ಹುಲಿಗೇಶನ ಬಲಗೈ

ಸಿಂಧನೂರಿನಲ್ಲಿ ಗಂಡಸು ಉಗುರು ಬಿಟ್ಟರೆ ಜನ ಸುಮ್ಮನಿರುವುದಿಲ್ಲ. ಹುಲಿಗೇಶ ಬಲಗೈಗೆ ಮಾತ್ರ ಬಿಟ್ಟಿದ್ದ. ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ನುಡಿಸುವವರು ಆ ಉಗುರಿನಿಂದಲೇ ತಂತಿ ಮೀಟಬೇಕು ಎಂದು ಹೇಳಿ ಹೇಳಿ ಅವನಿಗೂ ಸಾಕಾಗಿತ್ತು. "ಇರ್ಲಿ ಬಿಡು, ಶೇಂಗಾ ಸುಲಿಯಾಕರ ಬರ್ತಾವು," ಎಂದು ಚಹಾದಂಗಡಿಯ ರಹಮಾನಸಾಬ ನಗುತ್ತಿದ್ದ.

ಪಾಮನಕಲ್ಲೂರಿನ ಈ ಹುಡುಗನನ್ನು ಗಿಟಾರ್ ಕಲಿಯಲೆಂದು ಗೋವಾಕ್ಕೆ ಕಳಿಸಿದವರು ಅಕ್ಕಿ ಗಿರಣಿಯ ಪಂಪಾಪತಿ ಸಾಹುಕಾರರು. ಕಲಿತು ಬಂದ ಮೇಲೆ ಅವರು ಕೊಟ್ಟ ಕೆಲಸ ಮಾತ್ರ ಬೇರೆ. ಊರಿನ ಹೆಣ್ಣುಮಕ್ಕಳ ವಚನ ಗಾಯನ ಬಳಗವನ್ನು ಅವನು ನಡೆಸಬೇಕು. ಅವನು ಮುಂದೆ ನಿಂತು ಕೈಯಾಡಿಸಬೇಕು, ಮೂವತ್ತು ಹೆಂಗಸರು ನಾಲ್ಕು ಬಗೆಯ ದನಿಗಳಲ್ಲಿ ಹಾಡಬೇಕು. ಮೊದಮೊದಲು ಅವರು ಪೂಜೆಗೆ ಕೂತವರಂತೆ ಕಣ್ಣು ಮುಚ್ಚಿಯೇ ಹಾಡುತ್ತಿದ್ದರು. "ಕಣ್ಣು ತೆಗೀರಿ, ನನ್ನ ಕೈ ನೋಡ್ರಿ," ಎಂದು ಅವನು ಗಂಟಲು ಹರಿದುಕೊಂಡ ಮೇಲೆ ನೋಡತೊಡಗಿದರು. ಆಮೇಲೆ ಹೋದಲ್ಲೆಲ್ಲ ಬಹುಮಾನ. ಬಳಗ ಗೆದ್ದಂತೆಲ್ಲ ಗಿಟಾರ್ ಮೂಲೆ ಸೇರಿತು.

ಈ ಬೇಸಿಗೆಯಲ್ಲಿ ಗೋವಾದ ಸಂಗೀತ ಶಾಲೆಯೊಂದು ಗಿಟಾರ್ ಕಲಿಸಲು ಬಾ ಎಂದು ಕರೆಯಿತು. ಹುಲಿಗೇಶನಿಗೆ ನಲವತ್ತು ಹತ್ತಿರ ಬಂದಿತ್ತು. ಇದನ್ನು ಬಿಟ್ಟರೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಧೈರ್ಯ ಮಾಡಿ ಸಾಹುಕಾರರ ಮುಂದೆ ನಿಂತ.

"ಬಳಗ ಒಮ್ಮೆ ಸೋಲ್ಲಿ, ನಾನೇ ಬಂದು ನಿನ್ನ ಗೋವಾ ಬಸ್ ಹತ್ತಿಸ್ತೀನಿ," ಅಂದರು ಅವರು. "ಗೆಲ್ಲೂ ಎತ್ತು ಯಾರರ ಬಿಟ್ಟು ಕೊಡ್ತಾರೇನಪಾ? ಕೂಡು, ಚಾ ಕುಡಿ."

ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಚಹಾ ಕುಡಿಸುವವರಿಗೆ ಏನೆನ್ನುವುದು? ಹೆಂಡತಿ ಅಂಬಿಕಾಳಿಗೆ ಸಾಹುಕಾರರು ನಡೆಸುವ ಶಾಲೆಯಲ್ಲೇ ನೌಕರಿ. ಉಂಡ ಮನೆಗೆ ಎರಡು ಬಗೆಯಬಾರದೆಂದು ಅವ್ವ ಮುದುಕಮ್ಮ ಬೇರೆ ದಿನಾ ಕೊರೆಯುತ್ತಿದ್ದಳು. ಉಪಕಾರದಷ್ಟು ಗಟ್ಟಿ ಹಗ್ಗವನ್ನು ನಾನಂತೂ ಕಂಡಿಲ್ಲ. ಬಿಚ್ಚಲು ಹೋದವನೇ ಕೆಟ್ಟವನಾಗುತ್ತಾನೆ.

ಆದರೆ ಸೋತರೆ ಬಿಡುತ್ತೇನೆಂದು ಅವರ ಬಾಯಿಂದಲೇ ಬಂದಿತ್ತು. ಹುಲಿಗೇಶ ಸೋಲುವುದೆಂದು ನಿಶ್ಚಯಿಸಿದ. ಅಂಬಿಕಾಳಿಗೆ ಮಾತ್ರ ಹೇಳಿದ.

ಲಿಂಗಸುಗೂರಿನಲ್ಲಿ ಸ್ಪರ್ಧೆ. ಹಾಡು ಅರ್ಧಕ್ಕೆ ಬರುತ್ತಲೇ ಅವನು ಕೈಯ ವೇಗ ತಗ್ಗಿಸಿದ. ಎಡಗಡೆಯ ಸಾಲಿನವರು ಇನ್ನೂ ಸುಮ್ಮನಿರಬೇಕಾದಲ್ಲಿ, ಹಾಡಿರೆಂದು ಸನ್ನೆ ಮಾಡಿದ. ಮುಂದಿನ ಸಾಲಿನಲ್ಲಿದ್ದ ದಢೇಸುಗೂರಿನ ಶಿವಬಸಮ್ಮ, ಬಳಗದ ಹಿರಿಯಳು, ಅವನ ಕೈಯನ್ನೊಮ್ಮೆ ದಿಟ್ಟಿಸಿ ನೋಡಿ ಕಣ್ಣು ಮುಚ್ಚಿಕೊಂಡಳು. ಪಕ್ಕದವಳೂ ಮುಚ್ಚಿದಳು. ನೋಡುನೋಡುತ್ತ ಮೂವತ್ತು ಜನರೂ ಕಣ್ಣು ಮುಚ್ಚಿ, ಅವನು ಕಲಿಸಿದ್ದನ್ನು ಕಲಿಸಿದಂತೆಯೇ ಹಾಡಿ ಮುಗಿಸಿದರು. ಅವನ ಕೈ ಮಾತ್ರ ಅವರೆದುರು ಸುಮ್ಮನೆ ಆಡುತ್ತಿತ್ತು.

ಮೊದಲ ಬಹುಮಾನ ಬಂತು. ಸಾಹುಕಾರರು ವೇದಿಕೆ ಹತ್ತಿ ಅವನಿಗೆ ಹಾರ ಹಾಕಿ, ಮೈಕು ಹಿಡಿದರು. "ಮುಂದಿನ ತಿಂಗಳು ಮಸ್ಕಿಯೊಳಗೂ ಒಂದು ಬಳಗ ಕಟ್ಟಸ್ತೀನಿ. ನಮ್ಮ ಹುಲಿಗೇಶ ಇರೂತನಕ ನಮಗೇನು ಚಿಂತಿ?"

ತಿರುಗಿ ಬರುವಾಗ ಬಸ್ಸಿನಲ್ಲಿ ಶಿವಬಸಮ್ಮ ಅವನ ಪಕ್ಕ ಬಂದು ಕೂತಳು.

"ತಮ್ಮಾ, ಮೈಯಾಗ ಆರಾಮಿಲ್ಲೇನು? ನಿನ್ನ ಕೈ ತಪ್ಪಾಕತ್ತಿತ್ತು," ಎಂದಳು ಮೆಲ್ಲಗೆ. "ನಿನ್ನ ಮರ್ಯಾದಿ ಹೋಗಬಾರ್ದಂತ ಎಲ್ಲಾರೂ ಕಣ್ಣು ಮುಚ್ಚಿದ್ವಿ. ಸಾವ್ಕಾರ್ರ ಮುಂದ ಒಬ್ಬಾಕೀನೂ ಬಾಯಿ ಬಿಡಂಗಿಲ್ಲ. ಹೆದರಬ್ಯಾಡ."

ಹುಲಿಗೇಶನಿಗೆ ಅಳು ತಡೆಯಲಾಗಲಿಲ್ಲ. ಸಂತೋಷಕ್ಕೆ ಅಳುತ್ತಿದ್ದಾನೆಂದುಕೊಂಡು ಅವಳು ಅವನ ಬೆನ್ನು ಸವರಿದಳು.

ಅಂಬಿಕಾ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾತ್ರೀ?"

"ಗೆದ್ವಿ."

ಅವಳು ಅವನ ಕೊರಳಿನ ಹಾರ ತೆಗೆದು ಮೊಳೆಗೆ ಹಾಕಿದಳು. ಅವನು ಕಿಟಕಿಯ ಮೇಲಿದ್ದ ನೇಲ್ ಕಟರ್ ತೆಗೆದುಕೊಂಡು ಬಂದು ಹೊಸ್ತಿಲ ಮೇಲೆ ಕೂತ.

"ಎಡಗೈದು ಮೊನ್ನೇನ ತಕ್ಕೊಂಡೀರಲ್ಲ," ಅಂದಳು ಅಂಬಿಕಾ.

ಹುಲಿಗೇಶ ಬಲಗೈಯ ಹೆಬ್ಬೆರಳನ್ನು ಮುಂದೆ ಮಾಡಿದ.

"ಮಸ್ಕಿಯವ್ರಿಗೆ ಉಗುರು ಯಾಕ? ಕೈ ಒಂದು ಕಂಡ್ರ ಸಾಕು."