ಹೆಬ್ಬೆರಳಿನ ಬುಡ

ಆರ್.ಟಿ. ನಗರದ ಆ ಬಳೆ ಅಂಗಡಿಗೆ ಜೋಯಾ ಮೊದಲ ಸಲ ಹೋದದ್ದು ಎಂ.ಎ. ಓದುವಾಗ, ಗೆಳತಿಯ ಮದುವೆಗೆಂದು. ಅಂಗಡಿಯ ಕನೀಜ್ ಅವಳ ಕೈಯನ್ನು ಮಡಿಲಿಗೆಳೆದುಕೊಂಡು, ಊರ ಸುದ್ದಿಯೆಲ್ಲ ಹೇಳುತ್ತ, ಹೆಬ್ಬೆರಳಿನ ಬುಡವನ್ನು ನೀವಿ ನೀವಿ ಬಿಗಿಯಾದ ಗಾಜಿನ ಬಳೆಗಳನ್ನು ಏರಿಸಿಬಿಟ್ಟಿದ್ದಳು. "ನೋವಾಯ್ತಾ?" ಎಂದು ಕೇಳುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿತ್ತು. "ಹತ್ತಿಯಂಥ ಕೈ ಕಣೋ," ಎಂದು ಒಳಗೆ ಪೆಟ್ಟಿಗೆ ಜೋಡಿಸುತ್ತಿದ್ದ ಮಗನಿಗೆ ಕೇಳುವಂತೆ ಹೇಳಿದ್ದಳು. ಆತಿಫ್ ತಲೆಯೆತ್ತಿ ನೋಡಿ ಪೆಟ್ಟಿಗೆ ಬೀಳಿಸಿದ್ದ.

ಮುಂದೆ ಜೋಯಾಳನ್ನು ಮದುವೆಯಾದ ಆತಿಫ್ ಈಗ ಇಲ್ಲ. ಜೋಯಾ ಅತ್ತೆಯ ಜೊತೆ ಅಂಗಡಿಯಲ್ಲಿ ಕೂರುತ್ತಾಳೆ, ಕೇಳಿದ ಬಣ್ಣ ತೆಗೆದುಕೊಡುತ್ತಾಳೆ. ಯಾರ ಕೈಯನ್ನೂ ಮುಟ್ಟುವುದಿಲ್ಲ. ತೊಡಿಸುವ ಕೆಲಸ ಕನೀಜಳದು. ಆದರೆ ಅವಳ ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದು, ಬಾಟಲಿಯ ಮುಚ್ಚಳ ತಿರುಗಿಸಿದರೂ ಜೀವ ಹೋದಂತಾಗುತ್ತಿತ್ತು. ಪಟ್ಟಿ, ಇಂಜೆಕ್ಷನ್ ಎಲ್ಲ ಮುಗಿದಿತ್ತು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ಶರತ್ ಎಕ್ಸ್‌ರೇ ತೋರಿಸಿದರು.

"ಸವೆದಿರೋ ಈ ಸಣ್ಣ ಮೂಳೆ ತೆಗೆದುಬಿಡ್ಬಹುದು. ಇಲ್ಲ, ಪಕ್ಕದ ಮೂಳೆಗೆ ಬೆಸೆದು ಕೀಲನ್ನೇ ಲಾಕ್ ಮಾಡ್ಬಹುದು. ಕೃತಕ ಕೀಲೂ ಇದೆ. ಬೇಗ ಚೇತರಿಸ್ಕೊಳ್ತೀರಿ, ಆದ್ರೆ ಕೆಲವರಿಗೆ ಸಡಿಲ ಆಗಿ ಮತ್ತೆ ಆಪರೇಷನ್ ಬೇಕಾಗುತ್ತೆ."

"ಲಾಕೇ ಮಾಡಿ ಸಾರ್. ಮೂಳೆನೇ ತೆಗೆದ್ರೆ ಬೆರಳು ನಿಲ್ಲುತ್ತಾ? ನನ್ನ ಕೆಲಸಕ್ಕೆ ಜೋರು ಬೇಕು."

"ನೋವು ಯಾವುದ್ರಲ್ಲಿ ಕಡಿಮೆ?" ಜೋಯಾ ಕೇಳಿದಳು.

"ಎಲ್ಲದ್ರಲ್ಲೂ ಕಡಿಮೆ ಆಗುತ್ತೆ. ನೋವಿನ ಲೆಕ್ಕದಲ್ಲಿ ಇದೇ ಮೇಲು ಅನ್ನೋಕಾಗಲ್ಲ. ಅಮ್ಮ, ಕೆಲಸ ಹೇಗ್ ಮಾಡ್ತೀರಿ, ಸ್ವಲ್ಪ ತೋರ್ಸಿ."

ಕನೀಜ್ ಯೋಚಿಸದೆ ಪಕ್ಕದಲ್ಲಿದ್ದ ಸೊಸೆಯ ಕೈ ಹಿಡಿದಳು. ಬಳೆ ತೆಗೆದ ದಿನದಿಂದ ಆ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಅತ್ತೆಯ ಹೆಬ್ಬೆರಳು ಒತ್ತಿತು, ಜಾರಿತು, ಬೆರಳ ಬುಡದ ದಿಬ್ಬವನ್ನು ಸುತ್ತಿ ಬಂತು. ಜೋಯಾಳ ಕೈಯ ಮೂಳೆಗಳು ಒಂದರೊಳಗೊಂದು ಮಡಚಿಕೊಂಡವು. ನೋವಿಗೆ ಕನೀಜಳ ತುಟಿ ಬಿಗಿದಿತ್ತು. ಜೋಯಾಳಿಗೆ ಬಳೆ ಪೆಟ್ಟಿಗೆಯ ಹುಲ್ಲಿನ ವಾಸನೆ ಬಂದಂತಾಯಿತು, ಅಂಗಡಿಗೆ ಮೊದಲು ಬಂದ ಆ ಮಧ್ಯಾಹ್ನ, ಆ ಬಿಸಿಲು.

"ನೀವು ಒತ್ತೋದಕ್ಕಿಂತ ಸುತ್ತೋದೇ ಜಾಸ್ತಿ," ಎಂದರು ಡಾಕ್ಟರು. "ಲಾಕ್ ಮಾಡಿದ್ರೆ ಜೋರಿರುತ್ತೆ, ಈ ಸುತ್ತು ಇರಲ್ಲ. ಮೂಳೆ ತೆಗೆದ್ರೆ ಸುತ್ತು ಉಳಿಯುತ್ತೆ. ಜೋರು ಬರೋಕೆ ತಿಂಗಳುಗಟ್ಟಲೆ ಬೇಕು, ಪೂರ್ತಿ ಬರದೆಯೂ ಇರ್ಬಹುದು."

"ಇಷ್ಟು ವರ್ಷ ಜೋರಿಂದ್ಲೇ ತೊಡಿಸ್ತಿದ್ದೀನಿ ಅಂದ್ಕೊಂಡಿದ್ದೆ," ಕನೀಜ್ ನಕ್ಕಳು. "ಮೂಳೆನೇ ತೆಗೀರಿ ಸಾರ್."

ಹೊರಗೆ ಕುರ್ಚಿಯಲ್ಲಿ ಕೂತ ಮೇಲೆ ಜೋಯಾ ಹೇಳಿದಳು: "ನಿಮ್ಮ ಕೈ ವಾಸಿಯಾಗೋವರೆಗೂ ಅಂಗಡಿ ಮುಚ್ಚೋಣ ಅಮ್ಮೀ."

"ಗೋಪಾಲಮ್ಮನ ಮೊಮ್ಮಗಳ ಸೀಮಂತ ಇದೆ. ಮುಚ್ಚೋದಂತೆ. ನೀನು ತೊಡಿಸು."

"ನಾನಾ? ಸೀಮಂತದಲ್ಲಿ? ಗಂಡ ಇಲ್ದೋಳು..."

"ನನಗೇನು ಇದಾನಾ? ನಿಮ್ಮ ಮಾವ ತೀರ್ಕೊಂಡ ವರ್ಷವೇ ಆ ಹುಡುಗಿ ತಾಯಿ ಸೀಮಂತಕ್ಕೂ ನಾನೇ ತೊಡಿಸಿದ್ದು. ಗೋಪಾಲಮ್ಮನೇ ಬಂದು ಕರ್ಕೊಂಡು ಹೋದ್ರು. ಬಳೆಗಾರ್ತಿನ ಯಾರೂ ಅದನ್ನೆಲ್ಲ ಕೇಳಲ್ಲ."

"ನಂಗೆ ಬರಲ್ಲ ಅಮ್ಮೀ."

ಕನೀಜ್ ಎಡಗೈ ಚಾಚಿದಳು. "ಇದು ಚೆನ್ನಾಗಿರೋ ಕೈ. ಹಿಡಿ. ಅಯ್ಯೋ, ಸೌತೆಕಾಯಿ ಹಿಡ್ಕೊಂಡಿದ್ಯಾ? ಸುತ್ತಬೇಕು."

ಜೋಯಾ ಬಿಟ್ಟು ಮತ್ತೆ ಹಿಡಿದು, ಹೆಬ್ಬೆರಳಿನ ಬುಡವನ್ನು ಸುತ್ತಿ ನೀವಿದಳು. ಎದುರಿಗಿದ್ದವರು ನೋಡುತ್ತಿದ್ದರು. ಅತ್ತೆಯ ಅಂಗೈ ಬೆಚ್ಚಗಿತ್ತು. ನಿಧಾನವಾಗಿ, ಚರ್ಮದಡಿ, ಆ ಹೆಬ್ಬೆರಳಿನ ಮೂಳೆ ಒಳಗೆ ಮಡಚಿಕೊಂಡಿತು.