ಕಡೆಗುಡ್ಡದಲ್ಲಿ ನಿಲ್ಲದೆ ಇಳಿಯುವಂತಿಲ್ಲ

ನಾನು ಕಡೆಗುಡ್ಡ ಸ್ಟೇಷನ್ನು. ಬಂಡೆಗೆ ಮದ್ದಿಟ್ಟು ಸಿಡಿಸಿ, ಸಿಕ್ಕ ಕಲ್ಲಿನಲ್ಲೇ ನನ್ನ ಗೋಡೆ ಎಬ್ಬಿಸಿದರು. ನನ್ನ ಸುತ್ತ ಊರಿಲ್ಲ. ಘಾಟಿ ಇಳಿಯುವ ರೈಲುಗಳ ಮೂಗುದಾರ ಹಿಡಿಯಲೆಂದೇ ನನ್ನನ್ನು ಇಲ್ಲಿ ಕೂರಿಸಿದ್ದು.

ನನ್ನ ಮೇಲಿನ ತುದಿಯಲ್ಲಿ ಹಳಿ ಎರಡಾಗಿ ಒಡೆಯುತ್ತದೆ. ಒಂದು ಕೆಳಗೆ ಇಳಿಯುತ್ತದೆ. ಇನ್ನೊಂದು ಪಕ್ಕದ ಗುಡ್ಡ ಹತ್ತಿ ಮರಳಿನಲ್ಲಿ ಮುಗಿಯುತ್ತದೆ. ದಾರಿ ಯಾವಾಗಲೂ ಆ ಮರಳಿನ ಕಡೆಗೇ ತಿರುಗಿರುತ್ತದೆ. ಬ್ರೇಕು ಸೋತ ರೈಲು ಬಂದರೆ ಗುಡ್ಡ ಹತ್ತಿ ಮರಳಿನಲ್ಲಿ ಹೂತುಕೊಳ್ಳಲಿ ಎಂದು. ಇಳಿಯುವ ರೈಲು ಹಳಿ ಒಡೆಯುವ ಜಾಗಕ್ಕೂ ಮೊದಲೇ ಪೂರಾ ನಿಂತು ಸೀಟಿ ಹಾಕಬೇಕು. ಆಮೇಲೆ ಕೀಲಿಯಿಂದ ಬೀಗ ತೆಗೆದು, ಹಳಿ ತಿರುಗಿಸುವ ಲಿವರ್ ಎಳೆದು, ಕೆಳಗಿನ ದಾರಿ ಕೊಡುತ್ತಾರೆ. ಮಂತ್ರಿಯ ರೈಲಿಗೂ ಅಷ್ಟೇ, ಗೊಬ್ಬರದ ರೈಲಿಗೂ ಅಷ್ಟೇ.

ಹೊಗೆ ಇಂಜಿನ್ನುಗಳು ನನ್ನಲ್ಲಿ ನೀರು ಕುಡಿಯುತ್ತಿದ್ದವು. ಡೀಸೆಲ್ ಬಂದ ಮೇಲೆ ತೊಟ್ಟಿಯಲ್ಲಿ ಕಪ್ಪೆಗಳು ಸಂಸಾರ ಹೂಡಿದವು. ಸ್ಟೇಷನ್ ಮಾಸ್ತರರು ಬಂದರು, ಹೋದರು. ಕೀಲಿ ಮಾತ್ರ ಬಹುಕಾಲ ದಾರಿ ತಿರುಗಿಸುವ ಪಾಯಿಂಟ್ಸ್‌ಮನ್ ಕೆಂಚಯ್ಯನ ಸೊಂಟದಲ್ಲಿತ್ತು. ಅವನಿಗೆ ದಾಕ್ಷಿಣ್ಯ ಜಾಸ್ತಿ. ಪರಿಚಯದ ಡ್ರೈವರಾದರೆ ಚಕ್ರ ಇನ್ನೂ ಉರುಳುತ್ತಿರುವಾಗಲೇ ದಾರಿ ಕೊಟ್ಟುಬಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಕೆಲಸ ಅವನ ಹೆಂಡತಿ ಜವರಮ್ಮನಿಗೆ ಬಂತು. ದಾಕ್ಷಿಣ್ಯ ಬರಲಿಲ್ಲ.

ದೊರೆಸ್ವಾಮಿ ಎಂಬ ಡ್ರೈವರ್ ಇಂಜಿನ್ನಿನಿಂದ ತಲೆ ಹೊರಗೆ ಹಾಕಿ ಚುಡಾಯಿಸುತ್ತಿದ್ದ. "ಏನಕ್ಕಾ, ಮುದ್ದೆ ತಿರುವಿದಂಗಲ್ಲ ಲಿವರ್ ಎಳೆಯೋದು!"

"ಮುದ್ದೆ ತಿರುವೋಕೂ ತೋಳಲ್ಲಿ ತಾಕತ್ತು ಬೇಕು ಕಣಣ್ಣ. ಮೊದ್ಲು ನಿನ್ ಗಾಡಿ ನಿಲ್ಸು."

ಒಂದು ಬೆಳಿಗ್ಗೆ ಅವನು ಕೆಂಚಯ್ಯನ ಕಾಲದ ಸಲಿಗೆಯನ್ನೇ ನೆಚ್ಚಿಕೊಂಡು, ನಿಲ್ಲಿಸದೆ, ಸೀಟಿ ಹಾಕುತ್ತಲೇ ಬಂದ. ಜವರಮ್ಮ ಲಿವರ್ ಮುಟ್ಟಲಿಲ್ಲ. ಇಂಜಿನ್ನು ಗುಡ್ಡ ಹತ್ತಿ ಮರಳಿಗೆ ಮೂತಿ ತುರುಕಿ ನಿಂತಿತು. ಗೂಡ್ಸ್ ಗಾಡಿ, ಯಾರಿಗೂ ಪೆಟ್ಟಾಗಲಿಲ್ಲ. ಕೆಳಗಿಳಿದ ದೊರೆಸ್ವಾಮಿ, "ನಾನು ನಿಲ್ಸಿದ್ದೆ. ಈಯಮ್ಮ ದಾರಿ ತಿರುಗಿಸ್ದೇನೇ ಹಸಿರು ಬಾವುಟ ತೋರ್ಸಿದ್ಲು" ಎಂದುಬಿಟ್ಟ.

ವಿಚಾರಣೆಗೆ ಸಾಹೇಬರು ಬಂದರು. ಕೆಟ್ಟವರಲ್ಲ. ಮರಳಿನ ತನಕ ನಡೆದು ನೋಡಿದರು. ನಿಂತು ಹೊರಟ ಗಾಡಿ ಅಷ್ಟು ಮೇಲೆ ಹತ್ತುವುದಿಲ್ಲವೆಂದು ಅವರಿಗೆ ಗೊತ್ತಾಯಿತು. ಆದರೆ ದೊರೆಸ್ವಾಮಿಯ ಬೆನ್ನಿಗೆ ಡ್ರೈವರುಗಳ ದೊಡ್ಡ ಗುಂಪಿತ್ತು.

"ಇಬ್ಬರದೂ ತಪ್ಪು ಅಂತ ಮುಗಿಸಿಬಿಡೋಣಮ್ಮ. ಇಲ್ಲದಿದ್ರೆ ನಿಮ್ಮ ಕೆಲಸಾನೇ ಹೋಗುತ್ತೆ."

"ನಂದು ಅರ್ಧ ತಪ್ಪೂ ಇಲ್ಲ ಸಾ."

"ಹಾಗಾದ್ರೆ ಕೀಲಿ ಇಟ್ಟು ಹೋಗಿ."

ಅವಳು ಕೀಲಿ ಇಟ್ಟಳು. ಹೋಗಲಿಲ್ಲ. ನನ್ನ ಕಲ್ಲುಬೆಂಚಿನ ಮೇಲೆ ಕಾಲು ಮಡಚಿ ಕೂತಳು.

ಅಷ್ಟರಲ್ಲಿ ಸಾಹೇಬರು ಹತ್ತಿಕೊಂಡು ಘಾಟಿ ಇಳಿಯಬೇಕಾಗಿದ್ದ ಪ್ಯಾಸೆಂಜರ್ ಗಾಡಿ ಮೇಲಿನ ತುದಿಗೆ ಬಂದು ನಿಂತು ಸೀಟಿ ಹಾಕಿತು. ಸ್ಟೇಷನ್ ಮಾಸ್ತರ್ ಪಿಂಟೋ ಅವರು ಹಳಿ ರಿಪೇರಿ ಗ್ಯಾಂಗಿನ ಬೋರಲಿಂಗನ ಮುಂದೆ ಕೀಲಿ ಚಾಚಿದರು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನ್ ಮುಟ್ಟಾಕಿಲ್ಲ ಸಾ. ನಾಳೆ ನನ್ಗೂ ಅರ್ಧ ತಪ್ಪು ಹಂಚ್ತೀರ."

ಮತ್ತೆ ಸೀಟಿ. ಕಿಟಕಿಕಿಟಕಿಯಲ್ಲೂ ತಲೆಗಳು.

"ಜವರಮ್ಮ, ದಮ್ಮಯ್ಯ, ಏಳಿ ಮಾರಾಯ್ರೆ," ಅಂದರು ಪಿಂಟೋ ಮಾಸ್ತರರು.

"ತಪ್ಪು ಮಾಡ್ದೋಳ ಕೈಗೆ ಕೀಲಿ ಯಾಕ್ ಕೊಡ್ತೀರ? ತಪ್ಪು ಯಾರ್ದು ಅಂತ ಸಾಹೇಬ್ರು ಹೇಳ್ಲಿ, ಏಳ್ತೀನಿ."

ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಡ್ರೈವರದು," ಎಂದರು ಮೆಲ್ಲಗೆ.

"ಸೀಟಿ ಸದ್ದಲ್ಲಿ ಕೇಳಿಸ್ಲಿಲ್ಲ ಸಾ."

"ಡ್ರೈವರನ ತಪ್ಪು! ಬರ್ಕೊಳ್ರಿ ಮಾಸ್ತರೇ!"

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೀಲಿ ತೆಗೆದುಕೊಂಡು ಮೇಲಕ್ಕೆ ನಡೆದಳು. ಓಡಲಿಲ್ಲ. ಅಂದಿನಿಂದ ಯಾವ ಡ್ರೈವರನೂ ನನ್ನಲ್ಲಿ ಸಲಿಗೆ ಕೇಳಿಲ್ಲ.

ಈಗ ನನಗೆ ವಯಸ್ಸಾಗಿದೆ. ಟಿಕೆಟ್ ಕಿಟಕಿಗೆ ಹಲಗೆ ಬಡಿದಿದ್ದಾರೆ. ವೇಳಾಪಟ್ಟಿಯಿಂದ ಹೆಸರನ್ನೂ ತೆಗೆದರು. ಹತ್ತುವವರಿಲ್ಲ, ಇಳಿಯುವವರಿಲ್ಲ. "ಈ ಹಾಳು ಜಾಗದಲ್ಲಿ ಯಾಕಪ್ಪಾ ನಿಲ್ಸಿದಾನೆ?" ಎಂದು ಗಾಡಿಯೊಳಗಿನವರು ಕಿಟಕಿಯಿಂದ ಗೊಣಗುತ್ತಾರೆ. ಗೊಣಗಲಿ. ನನ್ನ ಹೆಸರು ಹೊಡೆದುಹಾಕಿದವರೂ ಅದೇ ಗಾಡಿಯಲ್ಲಿ ಬರುತ್ತಾರೆ. ನಿಲ್ಲುತ್ತಾರೆ. ಲಿವರಿನ ಹತ್ತಿರ ಇರುವವರು ಚಕ್ರ ನೋಡಿ, ಸಾಕು ಅನ್ನಿಸಿದ ಮೇಲೆ ದಾರಿ ಕೊಡುತ್ತಾರೆ.