ಹೊಡೆದುಹಾಕಿದ ಎರಡು ಸಾಲು

ಮಾವನವರು ಬೆರಳನ್ನು ನಾಲಿಗೆಗೆ ಮುಟ್ಟಿಸಿ ನನ್ನ ಮಗಳ ನೋಟುಬುಕ್ಕಿನ ಹಾಳೆ ತಿರುವಿದರು. ಆ ಒದ್ದೆ ಬೆರಳು ಹಾಳೆಯ ಮೂಲೆಯಲ್ಲಿ ಗುರುತು ಬಿಟ್ಟಿತು.

"ಕೇಳ್ರಿ ಎಲ್ಲಾರೂ," ಎಂದು ಗಂಟಲು ಸರಿಮಾಡಿಕೊಂಡರು. "ಮಂಗಳವಾರ, ಸಂಜೆ ಆರು ಐವತ್ತು. ಮಾಳವ್ವ ಹಿತ್ತಲ ಬಾಗಿಲಿಂದ ಹೊರಗೆ ಹೋದಳು. ಸೆರಗಿನ ಒಳಗೆ ಏನೋ ಇತ್ತು. ಕೈಯಿಂದ ಒತ್ತಿ ಹಿಡಿದಿದ್ದಳು. ಎರಡು ಸಲ ಹಿಂದೆ ತಿರುಗಿ ನೋಡಿದಳು."

ಹನ್ನೊಂದು ವರ್ಷದ ಭುವನೇಶ್ವರಿ ಅಜ್ಜನ ಕುರ್ಚಿಗೆ ಆತು ನಿಂತಿದ್ದಳು. ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದವಳ ಮುಖ. ಅಡುಗೆಮನೆಯ ಹೊಸ್ತಿಲಲ್ಲಿ ಮಾಳವ್ವ, ಮೊಣಕೈವರೆಗೂ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಕೆಲಗೇರಿ ಕೆರೆಯ ಹತ್ತಿರದ ನಮ್ಮ ಕಾಲೊನಿಯಲ್ಲಿ ಅವಳು ನಾಲ್ಕು ಮನೆಗೆ ಎರಡೂ ಹೊತ್ತು ರೊಟ್ಟಿ ಬಡಿಯುತ್ತಾಳೆ. ಅತ್ತೆಯ ಬೆಳ್ಳಿಯ ವಿಭೂತಿ ಡಬ್ಬಿ ಮಂಗಳವಾರ ಸಂಜೆಯಿಂದ ಕಾಣೆಯಾಗಿತ್ತು. ಅಂದು ಗುರುವಾರ.

"ಮುಗೀತಲ್ಲ!" ಎಂದರು ಅತ್ತೆ. "ಸಣ್ಣ ಹುಡುಗಿಗೆ ಕಂಡದ್ದು ನಮಗ ಕಾಣಲಿಲ್ಲ ನೋಡು. ಡಬ್ಬಿ ಎಲ್ಲೈತಿ ಹೇಳ, ಮಾಳವ್ವಾ."

"ನಿಮ್ಮ ವಿಭೂತಿ ಡಬ್ಬಿ ಒಯ್ದು ಅದರಾಗ ಏನು ರೊಟ್ಟಿ ಸುಡ್ಲೇನ್ರಿ ಅವ್ವಾರ?"

"ಬಾಯಿಗೇನು ಕಡಿಮಿ ಇಲ್ಲ. ಸೆರಗಿನಾಗ ಏನಿತ್ತು?"

ಮಾಳವ್ವ ನನ್ನ ಮುಖ ನೋಡಿದಳು. ಒಂದೇ ಸಲ. ಆಮೇಲೆ ನೆಲ ನೋಡಿದಳು.

ಸೆರಗಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಒಂದು ಸಣ್ಣ ಸ್ಟೀಲ್ ಬಟ್ಟಲು, ಅದರಲ್ಲಿ ಒಂದು ಚಮಚ ಮೊಸರು. ಅವಳ ಮನೆಯಲ್ಲಿ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತ್ತು. ಹಾಲಿಗೆ ಹೆಪ್ಪು ಹಾಕಲು ಬೇಕೆಂದು ಕೇಳಿದ್ದಳು, ನಾನು ಕೊಟ್ಟಿದ್ದೆ. ಆದರೆ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಮನೆಯಿಂದ ಹೊರಗೆ ಹೋದರೆ ಲಕ್ಷ್ಮಿಯೇ ಎದ್ದು ಹೋದಂತೆ ಎನ್ನುವವರು ನಮ್ಮ ಅತ್ತೆ. ಮೂರು ವರ್ಷದ ಹಿಂದೆ ಪಕ್ಕದ ಮನೆಯ ಬುಶ್ರಾಗೆ ಸಂಜೆ ಒಂದು ಹಿಡಿ ಉಪ್ಪು ಕೊಟ್ಟಿದ್ದೆ. ಅದೇ ವಾರ ತಾರಿಹಾಳದ ವರ್ಕ್‌ಶಾಪಿನಲ್ಲಿ ನನ್ನ ಗಂಡನ ಕಿರುಬೆರಳು ಯಂತ್ರಕ್ಕೆ ಸಿಕ್ಕಿತು. "ಉಪ್ಪು ಕೊಟ್ಟಿ, ಬೆರಳು ಹೋತು" ಎಂಬ ಮಾತನ್ನು ನಾನು ಈಗಲೂ ಊಟದ ಜೊತೆ ತಿನ್ನುತ್ತೇನೆ. ಅದಕ್ಕೇ ಅಂದು, "ಸೆರಗಿನಾಗ ಮುಚ್ಚಿಕೊಂಡು ಹೋಗು, ಅತ್ತಿಯಾರ ಕಣ್ಣಿಗೆ ಬೀಳಬ್ಯಾಡ" ಎಂದಿದ್ದೆ.

ಈಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ಅಡಿಗಿ ಮಾಡಾಕೀನ ಇರಬೇಕಂತ ನಾ ಮೊದಲ ದಿನಾನ ಅಂದಿದ್ದೆ," ಎಂದಳು ಭುವಿ.

"ನನ್ನ ಮೊಮ್ಮಗಳು!" ಮಾವನವರು ಅವಳ ಬೆನ್ನು ತಟ್ಟಿದರು.

ಇದೆಲ್ಲ ಅಟ್ಟದ ಟ್ರಂಕಿನಿಂದ ಶುರುವಾದದ್ದು. ಮಾವನವರು ಹುಡುಗರಾಗಿದ್ದಾಗ ಹುಬ್ಬಳ್ಳಿ ಸ್ಟೇಶನ್ನಿನ ಅಂಗಡಿಯಲ್ಲಿ ಕೊಂಡ ಮಕ್ಕಳ ಪತ್ತೇದಾರಿ ಪುಸ್ತಕಗಳು ಅದರಲ್ಲಿವೆ. ಹುಳ ತಿಂದು ಜರಡಿಯಾಗಿವೆ, ಮುಟ್ಟಿದರೆ ಕೈಗೆ ಹಳದಿ ಪುಡಿ. ಬೇಸಿಗೆ ರಜೆಯಲ್ಲಿ ಭುವಿ ಅವುಗಳಲ್ಲಿ ಮುಳುಗಿದಳು, ಮನೆಯಲ್ಲಿ ಯಾರು ಎಲ್ಲಿ ಓಡಾಡಿದರೂ ಗಂಟೆ ಸಮೇತ ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ನಾನು ಬೇಡವೆನ್ನಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ಅಂಥವನ್ನೇ ದಿಂಬಿನ ಕೆಳಗೆ ಇಟ್ಟುಕೊಂಡವಳು. ಆ ಪುಸ್ತಕಗಳಲ್ಲಿ ದೊಡ್ಡವರು ಚಹಾ ಕುಡಿಯುತ್ತಾ ಕೂತಿರುತ್ತಾರೆ, ಪೊಲೀಸರಿಗೆ ಏನೂ ತಿಳಿಯುವುದಿಲ್ಲ, ಟಾರ್ಚು ಹಿಡಿದ ಮಗುವಿಗೆ ಮಾತ್ರ ಎಲ್ಲ ಕಾಣುತ್ತದೆ. ಕಡೆಗೆ ಎಲ್ಲರೂ ಅದರ ಮಾತು ಕೇಳುತ್ತಾ ನಿಲ್ಲುತ್ತಾರೆ. ಮನೆಯಲ್ಲಿ ಯಾರೂ ಮಾತು ಕೇಳದ ಹುಡುಗಿಗೆ ಅದಕ್ಕಿಂತ ರುಚಿ ಯಾವುದಿದೆ? ಸಿಕ್ಕಿಬಿದ್ದವನ ಮನೆಯಲ್ಲಿ ಅಂದು ಒಲೆ ಹೊತ್ತಿತೋ ಇಲ್ಲವೋ ಎಂದು ಯಾವ ಪುಸ್ತಕವೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅತ್ತೆ ಚಪ್ಪಲಿ ಮೆಟ್ಟಿದರು. "ಉಳಿದ ಮೂರು ಮನಿಗೂ ನಾನ ಹೋಗಿ ಹೇಳತೇನಿ. ಇಂಥಾಕೀನ ಅಡಿಗಿಮನಿಗೆ ಬಿಟ್ಟುಕೊಂಡು ಕುಂತೇವಿ."

"ಹೇಳಬ್ಯಾಡ್ರಿ ಅವ್ವಾರ," ಎಂದಳು ಮಾಳವ್ವ. ಆ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನಾಕೂ ಮನಿ ಹೋದ್ರ ಹೊಟ್ಟಿಗೇನು ತಿನ್ಲಿ?"

ಗೇಟಿನ ಚಿಲಕದ ಸದ್ದು ಕೇಳಿದಾಗ ನಾನು ಮಾವನವರ ಕೈಯಿಂದ ನೋಟುಬುಕ್ಕು ಕಿತ್ತುಕೊಂಡೆ. ಮಂಗಳವಾರದ ಪುಟ. ಅವರು ಓದಿದ ಸಾಲಿನ ಮೇಲೆ ಇನ್ನೆರಡು ಸಾಲುಗಳಿದ್ದವು. ಸ್ಕೇಲು ಇಟ್ಟು ಕೆಂಪು ಪೆನ್ನಿನಿಂದ ನೀಟಾಗಿ ಹೊಡೆದುಹಾಕಿದ್ದಳು. ಆದರೂ ಓದಬಹುದಿತ್ತು.

"ಆರು ಹತ್ತು. ಅಜ್ಜ ದೇವರ ಕೋಣೆಯಿಂದ ಬಂದರು. ಜುಬ್ಬಾದ ಕಿಸೆ ಉಬ್ಬಿತ್ತು."

"ಆರು ನಲವತ್ತೈದು. ಮಮ್ಮಿ ಫ್ರಿಜ್ ತೆಗೆದು ಮಾಳವ್ವನಿಗೆ ಏನೋ ಕೊಟ್ಟಳು."

"ಅತ್ತಿಯಾರ, ನಿಂದರ್ರಿ!" ಎಂದು ಕೂಗಿದೆ. ಆಮೇಲೆ ಮಗಳತ್ತ ತಿರುಗಿದೆ. "ಇವೆರಡು ಯಾಕ ಹೊಡದಿ?"

"ಮನಿಯವರಲ್ಲೇನು?" ನನ್ನ ದಡ್ಡತನಕ್ಕೆ ಅವಳಿಗೆ ಆಶ್ಚರ್ಯ. "ಯಾವ ಪುಸ್ತಕದಾಗೂ ಮನಿಯವರು ಕಳ್ಳರು ಇರಂಗಿಲ್ಲ ಮಮ್ಮಿ. ಅಡಿಗಿಯಾಕಿ, ಇಲ್ಲಾ ಮಾಲಿ, ಇಲ್ಲಾ ಮುಖದ ಮ್ಯಾಲೆ ಗಾಯ ಇದ್ದಾಂವ ಇರತಾನ."

ನಾನು ಮೊದಲ ಸಾಲನ್ನು ಜೋರಾಗಿ ಓದಿದೆ. ಮಾವನವರ ನಗು ಅರ್ಧಕ್ಕೇ ನಿಂತಿತು.

"ಆಟಕ್ಕ ಇಟ್ಟಿದ್ದೆ," ಎಂದರು. "ಖರೇ ಕೇಸ್ ಬೇಕು ಅಜ್ಜಾ ಅಂತ ಗಂಟು ಬಿದ್ದಿದ್ಲು. ಟ್ರಂಕಿನಾಗ, ಪುಸ್ತಕದ ಬುಡಕ್ಕೈತಿ. ಅಕೀನ ಹುಡುಕಲಿ ಅಂತ..."

"ಎರಡು ದಿನ ಸುಮ್ಮನ ಯಾಕಿದ್ರಿ?"

"ಭಾಳ ಛಲೋ ಬರದಿದ್ಲು, ದಾಕ್ಷಾಯಿಣಿ. ಎಲ್ಲಿಗೆ ಮುಟ್ಟತೈತಿ ನೋಡೂಣು ಅಂತ ಕುಂತೆ. ಕಡೀಕ ನಾನ ಹೇಳಾಂವಿದ್ದೆ."

ಕಡೆಗೆ. ಎಪ್ಪತ್ತೆರಡು ವರ್ಷದ ಮನುಷ್ಯ, ದಿನಾ ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುವವರು, ಒಬ್ಬಳ ಅನ್ನ ಹೋಗುವುದನ್ನು ಕೊನೆಯ ಪುಟ ಬರಲೆಂದು ನೋಡುತ್ತಾ ಕೂತಿದ್ದರು. ಅವರ ತುಟಿಯ ಅಂಚಿನಲ್ಲಿ ಬಿಸ್ಕೀಟಿನ ಚೂರು ಅಂಟಿತ್ತು. ಅದನ್ನು ನೋಡಲಾಗದೆ ಮುಖ ತಿರುಗಿಸಿದೆ. ತಿರುಗಿಸಿದರೆ ಎದುರಿಗೆ ಮಾಳವ್ವ. ಅವಳಿಗೆ ನಾನು ಎಷ್ಟು ಚಂದ ಕಾಣುತ್ತಿದ್ದೆನೋ.

ಎರಡನೆಯ ಸಾಲನ್ನೂ ಓದಿದೆ. "ಸೆರಗಿನಾಗ ಇದ್ದದ್ದು ಹೆಪ್ಪು, ಅತ್ತಿಯಾರ. ನಾನ ಕೊಟ್ಟೆ. ಮುಚ್ಚಿಕೊಂಡು ಹೋಗು ಅಂದಾಕಿನೂ ನಾನ."

ಅತ್ತೆ ಒಳಗೆ ಬಂದರು. ಮಾಳವ್ವನ ಕಡೆ ಕಣ್ಣೆತ್ತಲಿಲ್ಲ. "ದೀಪ ಹಚ್ಚಿದ ಮ್ಯಾಲೆ?" ಎಂದರು.

ಮಾಳವ್ವ ಕೈ ತೊಳೆದುಕೊಂಡಳು. ನಿಧಾನವಾಗಿ, ಉಗುರಿನ ಸಂದಿಯ ಹಿಟ್ಟನ್ನೂ ಬಿಡದೆ.

"ತಪ್ಪಾತು ಮಾಳವ್ವಾ, ಹೋಗಬ್ಯಾಡ," ಎಂದೆ.

"ಡಬ್ಬಿ ಎಲ್ಲೈತಿ ಅಂತ ಗೊತ್ತಾಗದಿದ್ರ ನೀವು ಹೇಳ್ತಿದ್ರೇನ್ರಿ ಅಕ್ಕಾರ?"

ನಾನು ಕೈಯಲ್ಲಿದ್ದ ನೋಟುಬುಕ್ಕು ಮುಚ್ಚಿದೆ.

"ಹಿಟ್ಟು ನಾದಿಟ್ಟೇನಿ. ಬಡಕೋರಿ," ಎಂದು ಹೊರಟುಹೋದಳು. ಈ ಸಲ ಮುಂದಿನ ಬಾಗಿಲಿಂದ.

ಅವಳು ಯಾವತ್ತೂ ನಮ್ಮ ಬಟ್ಟಲನ್ನು ಬರಿದೇ ಕೊಟ್ಟವಳಲ್ಲ. ಬರಿ ಪಾತ್ರೆ ತಿರುಗಿ ಕೊಡಬಾರದೆಂದು ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ ಹಾಕಿ ತರುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಬಟ್ಟಲು ಇತ್ತು. ಫಳಫಳ ತೊಳೆದು ಬೋರಲು ಹಾಕಿದ್ದಳು.

ಭುವಿ ಆಗಲೇ ನೋಟುಬುಕ್ಕು ಹಿಡಿದು ಬಗ್ಗಿ ನೋಡುತ್ತಿದ್ದಳು. ಬಟ್ಟಲು ಎತ್ತಿ ಒಳಗೆ ಇಣುಕಿದಳು. "ಇದರಾಗ ಏನೂ ಇಲ್ಲ ಮಮ್ಮಿ. ಯಾಕ?"

"ಬರ್ಕೋ," ಎಂದೆ. "ಹೆಪ್ಪು ಕೊಟ್ಟಾಕಿ ಮಮ್ಮಿ. ಗೊತ್ತಿದ್ದೂ ಸುಮ್ಮನ ನಿಂತಾಕಿ ಮಮ್ಮಿ."

ಬರೆದಳು. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದು ಸ್ಕೇಲಿಗಾಗಿ ಅತ್ತಿತ್ತ ತಡಕಾಡಿದಳು.

ಅವಳು ಬರೆಯುತ್ತಿದ್ದಾಗ ಎತ್ತಿಕೊಂಡ ಸ್ಕೇಲು ನನ್ನ ಕೈಯಲ್ಲಿತ್ತು. ನಾನು ಕೊಡಲಿಲ್ಲ.